ಮಿನುಗದ್ದನ್ನು ಮೊದಲು ನೋಡು

ಪುಟ್ಟೀ,

ನೀನು ಕಳಿಸಿದ ಪಟ್ಟಿ ನೋಡಿದೆ. ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು, ಗಾಜಿನ ಬಾಗಿಲಿನ ಕ್ಯಾಬಿನೆಟ್ ಯಾವುದು, ಅದರೊಳಗೆ ಬಣ್ಣ ಬದಲಿಸುತ್ತ ತಿರುಗುವ ಫ್ಯಾನ್ ಎಷ್ಟು, ಎಲ್ಲವನ್ನೂ ಮಾಡೆಲ್ ನಂಬರಿನ ಸಮೇತ ಬರೆದಿದ್ದೀಯ. ಮಶೀನಿಗೆ ಕರೆಂಟು ಬಡಿಸುವ ಎಸ್‌ಎಂಪಿಎಸ್ ಎದುರು ಮಾತ್ರ ‘ಯಾವುದಾದರೂ’ ಅಂತಿದೆ. ಯುಪಿಎಸ್ ಪಟ್ಟಿಯಲ್ಲೇ ಇಲ್ಲ. ಮನೆಯ ಅರ್ಥಿಂಗ್ ಬಗ್ಗೆ ಒಂದಕ್ಷರವೂ ಇಲ್ಲ.

ಬೇಜಾರು ಮಾಡಿಕೊಳ್ಳಬೇಡ. ಮೊದಲ ಸಲ ಕಂಪ್ಯೂಟರ್ ಜೋಡಿಸಲು ಹೊರಟವರ ಪಟ್ಟಿಯೆಲ್ಲ ಹೀಗೇ ಇರುತ್ತದೆ. ಮಿನುಗುವುದು ಮೇಲೆ, ಮಿನುಗದ್ದು ಕೆಳಗೆ. ಸತ್ತ ಮಶೀನುಗಳನ್ನು ಬಿಚ್ಚಿ ನೋಡುವುದೇ ಕಸುಬಾದ ನನ್ನಂಥವನು ಹೇಳುವುದು ಒಂದೇ ಮಾತು: ಆ ಪಟ್ಟಿಯನ್ನು ತಲೆಕೆಳಗು ಮಾಡು. ಕಣ್ಣಿಗೆ ಬೀಳದ, ಯಾರೂ ಹೊಗಳದ ಭಾಗಗಳಿಗೆ ಮೊದಲು ದುಡ್ಡು ತೆಗೆದಿಡು, ಮೊದಲು ಗಮನ ಕೊಡು. ಮಶೀನು ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದು ಪ್ರೊಸೆಸರಿನ ಕೈಯಲ್ಲಿದೆ, ನಿಜ. ಎಷ್ಟು ವರ್ಷ ಓಡುತ್ತದೆ ಅನ್ನುವುದು ಈ ಹೆಸರಿಲ್ಲದವುಗಳ ಕೈಯಲ್ಲಿದೆ.

ಗೋಡೆಯಿಂದಲೇ ಶುರು ಮಾಡೋಣ. ತೀರ್ಥಹಳ್ಳಿಯ ನಿಮ್ಮ ಮನೆಯದು ಹಳೇ ವೈರಿಂಗ್. ಸಾಕೆಟ್ಟಿನಲ್ಲಿ ಮೂರು ತೂತಿವೆ ಅಂದ ಮಾತ್ರಕ್ಕೆ ಮೇಲಿನ ದಪ್ಪ ತೂತಿನ ಹಿಂದೆ ತಂತಿ ಇದ್ದೇ ಇದೆ ಅಂತ ನಂಬಬೇಡ. ಎಷ್ಟೋ ಮನೆಗಳಲ್ಲಿ ಅದು ಬರೀ ತೂತು. ಎಸ್‌ಎಂಪಿಎಸ್ ಒಳಗೆ, ಕರೆಂಟಿನ ಕೊಳೆ ಸೋಸುವುದಕ್ಕೆಂದು ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರನ್ನು ಲೋಹದ ಕವಚಕ್ಕೆ ಜೋಡಿಸಿರುತ್ತಾರೆ. ಅವುಗಳ ಮೂಲಕ ಸೋರುವ ಅತಿ ಸಣ್ಣ ಕರೆಂಟು ಅರ್ಥ್ ತಂತಿ ಹಿಡಿದು ಭೂಮಿಗೆ ಇಳಿಯಬೇಕು. ಇಳಿಯಲು ದಾರಿಯಿಲ್ಲದಿದ್ದರೆ ಇಡೀ ಕ್ಯಾಬಿನೆಟ್ 230 ವೋಲ್ಟಿನ ಅರ್ಧ, ಅಂದರೆ ಸುಮಾರು 115 ವೋಲ್ಟನ್ನು ಮೈಮೇಲೆ ಹೊತ್ತು ಕೂತಿರುತ್ತದೆ. ಬರಿಗಾಲಲ್ಲಿ ನೆಲದ ಮೇಲೆ ನಿಂತು ಕ್ಯಾಬಿನೆಟ್ಟಿನ ಹಿಂದೆ ಕೈಯಿಟ್ಟರೆ ಜುಂ ಅನ್ನುವುದು ಇದಕ್ಕೇ. ಕರೆಂಟು ಬಹಳ ಸಣ್ಣದು, ಸಾಮಾನ್ಯವಾಗಿ ಜುಂ ಅನ್ನಿಸಿ ಬಿಟ್ಟುಬಿಡುತ್ತದೆ. ಆದರೆ ಎಸ್‌ಎಂಪಿಎಸ್ ಒಳಗೆ ಏನಾದರೂ ಕೆಟ್ಟು ಫೇಸ್ ನೇರವಾಗಿ ಕವಚಕ್ಕೆ ತಗುಲಿದ ದಿನ ಕಾಯುವುದು ಆ ಅರ್ಥ್ ತಂತಿಯೇ. ಅರ್ಥ್ ಇಲ್ಲದ ಮಶೀನಿಗೆ ಮಾನಿಟರ್ ಕೇಬಲ್ ಚುಚ್ಚುವಾಗ ಕಿಡಿ ಹಾರಿ ಪೋರ್ಟ್ ಸುಟ್ಟದ್ದೂ ಉಂಟು.

ಹಾಗಾಗಿ ಮೊದಲ ಖರ್ಚು ಎಲೆಕ್ಟ್ರಿಷಿಯನ್ನಿನದು. ಮಲ್ಟಿಮೀಟರ್ ಹಿಡಿದು ಮೂರು ಅಳತೆ ನೋಡಲಿ. ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230ರ ಆಸುಪಾಸು, ಫೇಸಿಗೂ ಅರ್ಥ್‌ಗೂ ನಡುವೆ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ದಾಟಿದರೆ ಇದ್ದಿಲು, ಉಪ್ಪು ಹಾಕಿ ಪೈಪ್ ಹೂತ ಹಿತ್ತಲಿನ ಅರ್ಥಿಂಗ್ ಗುಂಡಿ ಒಣಗಿದೆ, ಇಲ್ಲವೇ ತಂತಿ ತುಕ್ಕು ಹಿಡಿದು ಕಡಿದಿದೆ ಅಂತ ಅರ್ಥ. ಮಾರ್ಚಿನಿಂದ ಮಳೆ ಬೀಳುವವರೆಗೆ ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹುಯ್ಯುವ ಕೆಲಸ ನಿನ್ನದಾಗಲಿ. ಗುಡುಗು ಶುರುವಾದರೆ ಸ್ವಿಚ್ ಆರಿಸಿ ಸುಮ್ಮನಾಗಬೇಡ, ಪ್ಲಗ್ಗನ್ನೇ ಕಿತ್ತಿಡು. ಇಂಟರ್ನೆಟ್ಟಿನ ಲ್ಯಾನ್ ಕೇಬಲ್ಲನ್ನೂ ಕೀಳು. ನಮ್ಮ ಕಡೆ ಸಿಡಿಲಿಗೆ ಹೋದ ಬೋರ್ಡುಗಳಲ್ಲಿ ಆ ದಾರಿಯಿಂದ ಹೋದವೂ ಇವೆ.

ಇನ್ನು ಎಸ್‌ಎಂಪಿಎಸ್. ಮಶೀನಿನ ಪ್ರತಿಯೊಂದು ಚಿಪ್ಪೂ ಉಣ್ಣುವುದು ಅದು ಬಡಿಸಿದ್ದನ್ನೇ. ನಿನ್ನ ಪಟ್ಟಿಯ ರೈಜೆನ್ 5 7600 ಪ್ರೊಸೆಸರಿನ ವಿವರದಲ್ಲಿ 65 ವ್ಯಾಟ್ ಅಂತ ಬರೆದಿದ್ದರೂ ಪೂರ್ತಿ ದುಡಿಯುವಾಗ 88 ವ್ಯಾಟಿನವರೆಗೆ ಎಳೆಯುತ್ತದೆ. ಆರ್‌ಟಿಎಕ್ಸ್ 4060 ಕಾರ್ಡಿಗೆ 115. ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನು ಎಲ್ಲ ಸೇರಿ ಇನ್ನೊಂದು ಐವತ್ತು ಅರವತ್ತು. ಒಟ್ಟು 270 ದಾಟುವುದಿಲ್ಲ. ನಿನಗೆ ಒಳ್ಳೆಯ 550 ವ್ಯಾಟಿನದು ಧಾರಾಳವಾಗಿ ಸಾಕು. ಅದೇ ದುಡ್ಡಿಗೆ 750 ವ್ಯಾಟ್ ಅಂತ ಚೀಟಿ ಅಂಟಿಸಿದ ಹೆಸರಿಲ್ಲದ ಡಬ್ಬ ತೋರಿಸುತ್ತಾರೆ, ಕೊಳ್ಳಬೇಡ.

‘80 ಪ್ಲಸ್ ಬ್ರಾಂಜ್’ ಅಂತ ಮೊಹರು ಇರುತ್ತದೆ. ಅದು ಹೇಳುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಮಶೀನಿಗೆ ತಲುಪುತ್ತದೆ ಅನ್ನುವುದನ್ನು ಮಾತ್ರ. ಬ್ರಾಂಜ್ ಅಂದರೆ ಅರ್ಧ ಹೊರೆಯಲ್ಲಿ ಸುಮಾರು ನೂರಕ್ಕೆ 85. ಮಶೀನಿಗೆ 200 ವ್ಯಾಟ್ ಬೇಕಾದರೆ ಗೋಡೆಯಿಂದ 235 ಎಳೆದು, ಮಿಕ್ಕಿದ 35ನ್ನು ಬಿಸಿಯಾಗಿ ಹೊರಗೆ ಊದುತ್ತದೆ. ಅದು ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕೆ ಆ ಮೊಹರು ಸಾಕ್ಷಿಯಲ್ಲ. ಅದಕ್ಕೆ ವಾರಂಟಿ ನೋಡು. ಐದು ವರ್ಷ ಕೊಡುವವನು ತನ್ನ ಮಾಲಿನ ಮೇಲೆ ಭರವಸೆ ಇಟ್ಟೇ ಕೊಟ್ಟಿರುತ್ತಾನೆ. ಇನ್ನೊಂದು ಮಾತು: ಎಸ್‌ಎಂಪಿಎಸ್ ಕೆಟ್ಟರೆ ಯಾವ ಕಾರಣಕ್ಕೂ ಬಿಚ್ಚಬೇಡ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಉಳಿದಿರಬಹುದು. ಬಿಡಿಸಿಕೊಳ್ಳುವ ಕೇಬಲ್ ಇರುವ ಮಾದರಿಯಾದರೆ, ಒಂದು ಕಂಪನಿಯ ಕೇಬಲ್ಲನ್ನು ಇನ್ನೊಂದರ ಎಸ್‌ಎಂಪಿಎಸ್‌ಗೆ ಚುಚ್ಚಬೇಡ. ತುದಿ ಹೊಂದಿಕೊಂಡಂತೆ ಕಂಡರೂ ಒಳಗಿನ ತಂತಿಯ ಕ್ರಮ ಬೇರೆ ಇರುತ್ತದೆ. ಹೊಸ ಡಿಸ್ಕು ಒಂದೇ ಕ್ಷಣದಲ್ಲಿ ಸುಟ್ಟುಹೋಗಬಹುದು.

ಯುಪಿಎಸ್ ವಿಷಯದಲ್ಲಿ ಅಂಗಡಿಯವನು ಹೇಳುವ ವಿಎ ಬೇರೆ, ನಿನಗೆ ಬೇಕಾದ ವ್ಯಾಟ್ ಬೇರೆ. 600 ವಿಎ ಅಂತ ಮಾರುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತದೆ. ಮಾನಿಟರನ್ನೂ ಸೇರಿಸಿ ಲೆಕ್ಕ ಹಾಕು. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅಂತ ನಿಮ್ಮಪ್ಪ ಕೇಳುತ್ತಾರೆ. ಕರೆಂಟು ಹೋಗಿ ಬ್ಯಾಟರಿ ಹಿಡಿಯುವ ನಡುವಿನ ಸಂದನ್ನು ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತದೆ. ಇನ್ವರ್ಟರಿನಲ್ಲಿ ‘ಯುಪಿಎಸ್ ಮೋಡ್’ ಅನ್ನುವ ಸ್ವಿಚ್ ಇದ್ದರೆ ಅದನ್ನು ಹಾಕಿ ನೋಡು. ಇಲ್ಲದಿದ್ದರೆ ಪ್ರತಿ ಸಲ ಕರೆಂಟು ಹೋದಾಗಲೂ ಮಶೀನು ರೀಸ್ಟಾರ್ಟ್ ಆಗುತ್ತದೆ, ಬರೆಯುತ್ತಿದ್ದ ಫೈಲು ಕೆಡುತ್ತದೆ.

ಇಷ್ಟಕ್ಕೆಲ್ಲ ದುಡ್ಡೆಲ್ಲಿದೆ ಮಾವ ಅಂತೀಯ. ಇದೆ. ಗ್ರಾಫಿಕ್ಸ್ ಕಾರ್ಡನ್ನು ಸದ್ಯಕ್ಕೆ ಬಿಡು. ನೀನು ಆರಿಸಿದ 7600ರ ಒಳಗೇ ಚಿಕ್ಕದೊಂದು ಗ್ರಾಫಿಕ್ಸ್ ಇದೆ. ಮೊದಲ ವರ್ಷದ ಇಂಜಿನಿಯರಿಂಗಿಗೆ, ಕೋಡ್ ಬರೆಯುವುದಕ್ಕೆ, ಸಿನಿಮಾ ನೋಡುವುದಕ್ಕೆ ಅಷ್ಟು ಸಾಕು. ಒಂದೆರಡು ವರ್ಷ ಕಳೆದು ನಿಜಕ್ಕೂ ಬೇಕು ಅನ್ನಿಸಿದರೆ ಆಗ ಕಾರ್ಡ್ ಕೊಂಡು ಚುಚ್ಚಿದರಾಯಿತು. ಜೋಡಿಸಿದ ಮಶೀನಿನ ಸುಖವೇ ಅದು. ಆದರೆ ಅಂಗಡಿಯವನು ‘7500ಎಫ್ ಅಗ್ಗ, ಅದೇ ತಗೊಳ್ಳಿ’ ಅಂದರೆ ಎಚ್ಚರ. ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಇಂಟೆಲ್‌ನಲ್ಲೂ ಅದೇ ಗುರುತು. ಕಾರ್ಡ್ ಇಲ್ಲದೆ ಅದನ್ನು ಹಾಕಿದರೆ ಪರದೆ ಕಪ್ಪಗೇ ಇರುತ್ತದೆ.

ಒಂದಕ್ಕೊಂದು ಹೊಂದುತ್ತದೆಯೇ ಅಂತ ಕೊಳ್ಳುವ ಮುಂಚೆ ಕಾಗದದ ಮೇಲೆ ಪರೀಕ್ಷೆ ಮಾಡು. ನಿನ್ನ ಪ್ರೊಸೆಸರ್ ಕೂರುವುದು ಎಎಂ5 ಸಾಕೆಟ್ಟಿನಲ್ಲಿ. ಅದು 2022ರಲ್ಲಿ ಬಂದದ್ದು, ಡಿಡಿಆರ್5 ರ‍್ಯಾಮ್ ಮಾತ್ರ ಹಿಡಿಯುತ್ತದೆ. ಅಣ್ಣನ ಹಳೇ ಮಶೀನಿನ ಡಿಡಿಆರ್4 ಕಡ್ಡಿಗಳನ್ನು ಇದಕ್ಕೆ ಹಾಕಲು ಬರುವುದಿಲ್ಲ. ಎರಡರಲ್ಲೂ 288 ಪಿನ್ನುಗಳೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಮೈಕ್ರೋ ಎಟಿಎಕ್ಸ್ ಬೋರ್ಡು 244 ಮಿಲಿಮೀಟರ್ ಚೌಕ. ಎಟಿಎಕ್ಸ್ ಬೋರ್ಡು 305ಕ್ಕೆ 244. ಕ್ಯಾಬಿನೆಟ್ ಯಾವುದಕ್ಕೆ ಜಾಗ ಕೊಡುತ್ತದೆ, ಕೂಲರ್ ಎಷ್ಟು ಎತ್ತರ ಇರಬಹುದು, ಮುಂದೆ ಕೊಳ್ಳುವ ಕಾರ್ಡ್ ಎಷ್ಟು ಉದ್ದ ಇರಬಹುದು ಅನ್ನುವುದೆಲ್ಲ ಅದರ ವಿವರದಲ್ಲಿ ಬರೆದಿರುತ್ತದೆ. ಓದು. ರ‍್ಯಾಮಿನ ಬೆಲೆ ಮಾತ್ರ ನಮ್ಮೂರ ಅಡಿಕೆ ಧಾರಣೆಯ ಹಾಗೆ, ಇವತ್ತಿನದು ನಾಳೆಗಿಲ್ಲ. ದುಬಾರಿ ಇದ್ದಾಗ ಒಂದೇ 16 ಜಿಬಿ ಕಡ್ಡಿ ಹಾಕಿ ಒಂದು ಜಾಗ ಖಾಲಿ ಬಿಡು. ಇಳಿದಾಗ ಅದೇ ಮಾದರಿಯ ಇನ್ನೊಂದು ತಂದು ಸೇರಿಸು.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವುದಾದರೆ ಭಾನುವಾರ ಬೇಡ, ಬಹುತೇಕ ಅಂಗಡಿ ಮುಚ್ಚಿರುತ್ತವೆ. ನಾಲ್ಕು ಕಡೆ ರೇಟು ಕೇಳು, ನಾಚಿಕೊಳ್ಳಬೇಡ. ಅಲ್ಲಿ ಎಲ್ಲರೂ ಕೇಳುತ್ತಾರೆ. ‘ಬಿಲ್ ಬೇಡ ಅಂದರೆ ಇಷ್ಟಕ್ಕೆ ಮಾಡಿಕೊಡ್ತೀನಿ’ ಅಂತ ಒಬ್ಬರಾದರೂ ಅಂದೇ ಅನ್ನುತ್ತಾರೆ. ಜಿಎಸ್‌ಟಿ 18 ಪರ್ಸೆಂಟ್ ಉಳಿಯಿತು ಅಂತ ಹಿಗ್ಗಬೇಡ. ಉಳಿದದ್ದು ಆ ದಿನದ ದುಡ್ಡು, ಹೋದದ್ದು ಮೂರು ಅಥವಾ ಐದು ವರ್ಷದ ವಾರಂಟಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸು. ಡಬ್ಬದ ಮೇಲಿನದಕ್ಕೂ ಒಳಗಿನ ಮಾಲಿನ ಮೇಲಿನದಕ್ಕೂ ತಾಳೆ ನೋಡು. ಸೀಲ್ ಒಡೆದಿದ್ದರೆ ಬೇರೆ ಡಬ್ಬ ಕೇಳು. ನಿಮ್ಮ ಅಮೆರಿಕದ ಚಿಕ್ಕಪ್ಪ ಬರುವಾಗ ತರಿಸಿಕೊಳ್ಳೋಣವೇ ಅಂತ ನೀನು ಕೇಳಿದ್ದೆ. ಅಲ್ಲಿ ಕೊಂಡ ಎಷ್ಟೋ ಭಾಗಗಳಿಗೆ ಇಲ್ಲಿ ವಾರಂಟಿ ಸಿಗುವುದಿಲ್ಲ. ಕೆಟ್ಟರೆ ಅಲ್ಲಿಗೇ ಹೊತ್ತು ಹೋಗಬೇಕು. ಅವರ ಸೂಟ್‌ಕೇಸಿನಲ್ಲಿ ಬೇಕಾದರೆ ಒಂದು ಒಳ್ಳೆಯ ಮ್ಯಾಗ್ನೆಟ್ ತುದಿಯ ಸ್ಕ್ರೂಡ್ರೈವರ್ ಬರಲಿ.

ಈಗ ಜೋಡಣೆ. ರಾತ್ರಿ ಊಟವಾದ ಮೇಲೆ ಶುರು ಮಾಡಬೇಡ. ಬೆಳಗ್ಗೆ, ಬೆಳಕು ಚೆನ್ನಾಗಿ ಬರುವ ಕಡೆ, ದೊಡ್ಡ ಮೇಜಿನ ಮೇಲೆ ಮಾಡು. ಮೈಮೇಲೆ ಉಣ್ಣೆಯ ಸ್ವೆಟರ್ ಬೇಡ, ನೆಲದಲ್ಲಿ ಜಮಖಾನ ಬೇಡ. ನಮ್ಮ ಮಲೆನಾಡಿನ ತೇವದ ಹವೆಯಲ್ಲಿ ಸ್ಟ್ಯಾಟಿಕ್ ಕಾಟ ಕಡಿಮೆ. ಕಲಬುರಗಿಯ ಕಡೆ ಚಳಿಗಾಲದ ಒಣ ಹವೆಯಲ್ಲಾದರೆ ಹೆಚ್ಚು. ಆದರೂ ಚಿಪ್ಪು ಮುಟ್ಟುವ ಮುಂಚೆ, ಅರ್ಥ್ ಇರುವ ಪ್ಲಗ್ಗಿಗೆ ಹಾಕಿ ಹಿಂದಿನ ಸ್ವಿಚ್ ಆಫ್ ಮಾಡಿಟ್ಟ ಎಸ್‌ಎಂಪಿಎಸ್‌ನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟು. ಮದರ್‌ಬೋರ್ಡಿನ ಪುಸ್ತಕ ಪಕ್ಕದಲ್ಲೇ ತೆರೆದಿರಲಿ. ಯೂಟ್ಯೂಬಿನವನು ತೋರಿಸುವುದು ಅವನ ಬೋರ್ಡು, ಆ ಪುಸ್ತಕದಲ್ಲಿರುವುದು ನಿನ್ನದು.

ಬೋರ್ಡನ್ನು ಕ್ಯಾಬಿನೆಟ್ಟಿಗೆ ಇಳಿಸುವ ಮುಂಚೆ, ಅದು ಬಂದ ರಟ್ಟಿನ ಡಬ್ಬದ ಮೇಲೇ ಇಟ್ಟು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್ ಹಾಕು. ಪ್ರೊಸೆಸರ್ ಕೂರಿಸುವುದನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ, ಕೇಳು. ಸಾಕೆಟ್ಟಿನ ಪಕ್ಕದ ಸಣ್ಣ ಸರಳನ್ನು ಕೆಳಗೊತ್ತಿ, ಹೊರಕ್ಕೆ ಸರಿಸಿ, ಮೇಲೆತ್ತು. ಲೋಹದ ಚೌಕಟ್ಟು ತೆರೆಯುತ್ತದೆ. ಅದರ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಈಗಲೇ ಕೀಳಬೇಡ. ಕೆಳಗೆ ಕೂದಲೆಳೆಯಂಥ 1718 ಚಿನ್ನದ ಬಣ್ಣದ ಸ್ಪ್ರಿಂಗುಗಳು ಸಾಲಾಗಿ ನಿಂತಿರುತ್ತವೆ. ಅವುಗಳ ಮೇಲೆ ಬೆರಳು, ಬಟ್ಟೆಯ ತುದಿ, ಕೂದಲು, ಏನೂ ತಗುಲಬಾರದು. ಒಂದು ಬಾಗಿದರೂ ಬೋರ್ಡು ಹೋಯಿತು ಅಂದುಕೋ. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು, ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ಮೂಲೆಯ ತ್ರಿಕೋನಕ್ಕೆ ಎದುರಾಗಿಸಿ, ಮೇಲಿನಿಂದ ನೇರವಾಗಿ ಇಳಿಸಿ ಬಿಡು. ಒತ್ತಬೇಡ, ಅದು ತಾನೇ ಕೂರುತ್ತದೆ. ಆಮೇಲೆ ಚೌಕಟ್ಟು ಮುಚ್ಚಿ ಸರಳನ್ನು ಕೆಳಗೆ ತರುವಾಗ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಒತ್ತಬೇಕು. ಕರಕರ ಅನ್ನುತ್ತದೆ, ಹೆದರಬೇಡ. ಆ ಒತ್ತಡಕ್ಕೇ ಕಪ್ಪು ಮುಚ್ಚಳ ತಾನಾಗಿ ಹಾರಿ ಬರುತ್ತದೆ. ಅದನ್ನು ಎಸೆಯದೆ ಡಬ್ಬದಲ್ಲಿ ಹಾಕಿಡು. ಬೋರ್ಡನ್ನು ವಾರಂಟಿಗೆ ಕಳಿಸುವ ದಿನ ಬಂದರೆ ಅದು ಬೇಕಾಗುತ್ತದೆ.

ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಅನ್ನುವುದು ಈ ಕೆಲಸದ ಅರ್ಧ ವಿದ್ಯೆ. ಪ್ರೊಸೆಸರಿಗೆ ಒತ್ತಬಾರದು, ರ‍್ಯಾಮಿಗೆ ಒತ್ತಬೇಕು. ಕಚ್ಚು ಸರಿಯಾಗಿದೆಯೇ ನೋಡಿ, ಎರಡೂ ಹೆಬ್ಬೆರಳಿನಿಂದ ಎರಡೂ ತುದಿ ಒತ್ತಿದರೆ ಟಕ್ ಅಂತ ಸದ್ದು ಬರುತ್ತದೆ. ಸದ್ದು ಬರದಿದ್ದರೆ ಕೂತಿಲ್ಲ. ನಾಲ್ಕು ಜಾಗವಿರುವ ಬೋರ್ಡಿನಲ್ಲಿ ಎರಡು ಕಡ್ಡಿ ಹಾಕುವುದಾದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಒಂದೇ ಆದರೆ ಎರಡನೆಯದು. 24 ಪಿನ್ನಿನ ದೊಡ್ಡ ಪ್ಲಗ್ಗಿಗೂ ಗಟ್ಟಿ ಕೈ ಬೇಕು, ಕೊಕ್ಕೆ ಕಚ್ಚಿಕೊಳ್ಳುವ ತನಕ ಒತ್ತು. ಪ್ರೊಸೆಸರಿನ ಪಕ್ಕದ ಎಂಟು ಪಿನ್ನಿಗೆ ಹೋಗುವುದು ನಾಲ್ಕು ಮತ್ತು ನಾಲ್ಕಾಗಿ ಬಿಡುವ ಪ್ಲಗ್ಗು. ಆರು ಮತ್ತು ಎರಡಾಗಿ ಬಿಡುವುದು ಗ್ರಾಫಿಕ್ಸ್ ಕಾರ್ಡಿಗೆ. ಅದು ಇಲ್ಲಿ ಸಲೀಸಾಗಿ ಹೋಗುವುದಿಲ್ಲ, ಹೋಗಲಿ ಅಂತ ಹಟ ಮಾಡಲೂ ಬೇಡ.

ಕೂಲರಿನ ತಳದಲ್ಲಿ ಕಂಪನಿಯವರೇ ಪೇಸ್ಟ್ ಬಳಿದಿದ್ದರೆ ಮೇಲೆ ಮತ್ತೆ ಹಾಕಬೇಡ. ಬೇರೆ ಕೂಲರ್ ಆದರೆ ಬಟಾಣಿ ಕಾಳಿನಷ್ಟು ಪೇಸ್ಟ್ ನಡುವೆ ಇಟ್ಟರೆ ಸಾಕು. ತಳಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಕಿತ್ತು ಹಾಕು. ‘ಹೊಸ ಮಶೀನು, ಬಿಸಿಯಾಗಿ ಆಫ್ ಆಗ್ತಿದೆ’ ಅಂತ ಅಂಗಡಿಗೆ ತಂದವರ ಕೂಲರ್ ಬಿಚ್ಚಿದಾಗ ಆ ಹಾಳೆ ಹಾಗೇ ಅಂಟಿಕೊಂಡಿದ್ದದ್ದನ್ನು ಕಂಡಿದ್ದೇನೆ. ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯಬೇಡ. ಎದುರುಬದುರು ಮೂಲೆಗಳಿಗೆ ಎರಡೆರಡು ಸುತ್ತು ಕೊಡುತ್ತ ಹೋಗು, ಒತ್ತಡ ಸಮನಾಗಿ ಬೀಳುತ್ತದೆ. ಫ್ಯಾನಿನ ತಂತಿ ‘ಸಿಪಿಯು ಫ್ಯಾನ್’ ಅಂತ ಬರೆದ ಕಡೆಗೇ ಹೋಗಲಿ.

ಕ್ಯಾಬಿನೆಟ್ಟಿನ ತಟ್ಟೆಯಲ್ಲಿ ಹಿತ್ತಾಳೆಯ ಪುಟ್ಟ ಕಾಲುಗಳಿರುತ್ತವೆ. ಬೋರ್ಡು ನಿಲ್ಲುವುದು ಅವುಗಳ ಮೇಲೆ. ಬೋರ್ಡಿನ ತೂತು ಎಲ್ಲೆಲ್ಲಿದೆಯೋ ಅಲ್ಲಲ್ಲಿ ಮಾತ್ರ ಕಾಲಿರಬೇಕು. ತೂತಿಲ್ಲದ ಕಡೆ ಒಂದು ಕಾಲು ಉಳಿದರೆ ಅದು ಬೋರ್ಡಿನ ಬೆನ್ನಿಗೆ ತಗುಲಿ ಶಾರ್ಟ್ ಆಗುತ್ತದೆ. ಯಾರ ಕಣ್ಣಿಗೂ ಬೀಳದ, ನಾಲ್ಕಾಣೆ ಬೆಲೆಯಿಲ್ಲದ ಈ ಕಾಲು ಸಾವಿರಾರು ರೂಪಾಯಿಯ ಬೋರ್ಡನ್ನು ಕೊಲ್ಲಬಲ್ಲದು. ಬೋರ್ಡಿನ ಹಿಂಭಾಗದ ಪೋರ್ಟುಗಳಿಗೆ ಬರುವ ತಗಡಿನ ಪಟ್ಟಿ ಬೇರೆಯಾಗಿ ಬಂದಿದ್ದರೆ, ಬೋರ್ಡು ಇಳಿಸುವ ಮುಂಚೆಯೇ ಕೂರಿಸು. ಆಮೇಲೆ ನೆನಪಾದರೆ ಎಲ್ಲ ಬಿಚ್ಚಬೇಕು. ಮುಂದಿನ ಬಟನ್ನಿನ ಸಣ್ಣ ತಂತಿಗಳು ಎಲ್ಲರ ತಾಳ್ಮೆ ಕೆಡಿಸುತ್ತವೆ. ಪವರ್, ರೀಸೆಟ್ ಸ್ವಿಚ್ಚಿನವು ಹೇಗೆ ಹಾಕಿದರೂ ನಡೆಯುತ್ತದೆ. ದೀಪದವಕ್ಕೆ ಮಾತ್ರ ಪ್ಲಸ್ ಮೈನಸ್ ಇದೆ, ತಿರುಗಾಮುರುಗ ಆದರೆ ದೀಪ ಹತ್ತುವುದಿಲ್ಲ, ಬೇರೆ ನಷ್ಟವಿಲ್ಲ.

ನಮ್ಮ ಕಾಲಕ್ಕಿಂತ ನಿನ್ನ ಕೆಲಸ ಎಷ್ಟು ಸಲೀಸು ಅನ್ನುವುದನ್ನೂ ತಿಳಿದುಕೋ. ಎಟಿ ಕಾಲದ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಎರಡು ಪ್ಲಗ್ ಬರುತ್ತಿದ್ದವು, ಪಿ8 ಮತ್ತು ಪಿ9. ಅದಲುಬದಲಾಗಿಯೂ ಕೂರುತ್ತಿದ್ದವು, ಹಾಗೆ ಕೂರಿಸಿದರೆ ಬೋರ್ಡು ಭಸ್ಮ. ‘ಕಪ್ಪಿಗೆ ಕಪ್ಪು ಪಕ್ಕ’ ಅನ್ನುವುದೇ ನಮಗೆ ಹೇಳಿಕೊಟ್ಟ ಮಂತ್ರ, ಎರಡೂ ಪ್ಲಗ್ಗಿನ ಕಪ್ಪು ತಂತಿಗಳು ನಡುವೆ ಸೇರಬೇಕು. ಇಂಟೆಲ್ 1995ರಲ್ಲಿ ಎಟಿಎಕ್ಸ್ ಅಳತೆ ತಂದ ಮೇಲೆ ಆ ಎರಡರ ಜಾಗಕ್ಕೆ ಒಂದೇ ಪ್ಲಗ್ ಬಂತು, ತಿರುಗಿಸಿ ಹಾಕಲು ಬಾರದಂತೆ ಬಂತು. ಅದಕ್ಕೂ ಹಿಂದೆ, 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಬೇರೆಯವರ ಕಾರ್ಡೂ ಕೂರುವ ಹಾಗೆ ಮಾಡಿದ್ದರಿಂದಲೇ ಇವತ್ತು ಹತ್ತು ಕಂಪನಿಯ ಹತ್ತು ಭಾಗ ನಿನ್ನ ಮೇಜಿನ ಮೇಲೆ ಒಂದಾಗುವುದು. ಅಳತೆ, ಕಚ್ಚು, ಪಿನ್ನಿನ ಕ್ರಮಗಳನ್ನು ಕೂತು ಒಪ್ಪಂದ ಮಾಡಿದವರ ಹೆಸರು ಯಾವ ಡಬ್ಬದ ಮೇಲೂ ಇಲ್ಲ.

ಮೊದಲ ಸಲ ಬಟನ್ ಒತ್ತಿದಾಗ ಫ್ಯಾನು ತಿರುಗಿ ಪರದೆ ಕಪ್ಪಗೇ ಇದ್ದರೆ ಕೈಕಾಲು ಬಿಡಬೇಡ. ಡಿಡಿಆರ್5 ರ‍್ಯಾಮನ್ನು ಬೋರ್ಡು ಮೊದಲ ಸಲ ಪರೀಕ್ಷಿಸಿ ಹೊಂದಿಸಿಕೊಳ್ಳಲು ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಗಾಬರಿಯಾಗಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಹೋಗಿ ಕಾಫಿ ಕುಡಿದು ಬಾ. ಬಂದ ಮೇಲೂ ಡಿಸ್‌ಪ್ಲೇ ಇಲ್ಲದಿದ್ದರೆ ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ದೀಪ ಇವೆಯೇ ನೋಡು. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್. ಯಾವುದರ ದೀಪ ಹತ್ತಿ ನಿಂತಿದೆಯೋ ತಕರಾರು ಅಲ್ಲಿ. ‘ಡಿಸ್‌ಪ್ಲೇ ಇಲ್ಲ’ ಅಂತ ನನ್ನ ಅಂಗಡಿಗೆ ಬರುವವುಗಳಲ್ಲಿ ಬಹುಪಾಲು ಸರಿಯಾಗಿ ಕೂರದ ರ‍್ಯಾಮ್, ಹಾಕಲು ಮರೆತ ಎಂಟು ಪಿನ್ನಿನ ಪ್ಲಗ್, ಇಲ್ಲವೇ ಕಾರ್ಡ್ ಇದ್ದೂ ಮಾನಿಟರ್ ಕೇಬಲ್ಲನ್ನು ಬೋರ್ಡಿಗೆ ಚುಚ್ಚಿರುವುದು. ಏನೇ ಹುಡುಕುವುದಿದ್ದರೂ ಪ್ಲಗ್ ಕಿತ್ತು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಆನ್ ಮಾಡಿ ನೋಡು. ನಾಲ್ಕು ಕಡೆ ಒಟ್ಟಿಗೆ ಕೈಹಾಕಿದರೆ ಸರಿಹೋದರೂ ಯಾಕೆ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಪರದೆ ಬಂದ ಕೂಡಲೇ ಫೋಟೋ ತೆಗೆದು ಎಲ್ಲರಿಗೂ ಕಳಿಸಬೇಡ. ಬಯಾಸ್‌ಗೆ ಹೋಗು. ಪ್ರೊಸೆಸರಿನ ಬಿಸಿ ನೋಡು. ಸುಮ್ಮನೆ ಕೂತಲ್ಲೇ ಎಂಬತ್ತು ತೊಂಬತ್ತು ಡಿಗ್ರಿಗೆ ಏರುತ್ತಿದ್ದರೆ ಕೂಲರ್ ಕೂತಿಲ್ಲ, ಆಫ್ ಮಾಡು. ಕೊಂಡ ರ‍್ಯಾಮ್ ಅಷ್ಟೂ ಕಾಣುತ್ತಿದೆಯೇ ನೋಡು. ಅದರ ಡಬ್ಬದ ಮೇಲೆ ಬರೆದ ವೇಗ ತಾನಾಗಿ ಬರುವುದಿಲ್ಲ. ಎಕ್ಸ್‌ಪೋ ಅನ್ನುವ ಆಯ್ಕೆಯನ್ನು ನೀನೇ ಆನ್ ಮಾಡಬೇಕು, ಇಂಟೆಲ್ ಬೋರ್ಡಿನಲ್ಲಾದರೆ ಎಕ್ಸ್‌ಎಂಪಿ. ಇದನ್ನು ಮಾಡದೆ ವರ್ಷಗಟ್ಟಲೆ ನಿಧಾನಗತಿಯಲ್ಲೇ ಓಡಿಸಿದವರು ಬೇಕಾದಷ್ಟಿದ್ದಾರೆ.

ಕದ್ದ ವಿಂಡೋಸ್ ಹಾಕಬೇಡ. ಅದನ್ನು ಆ್ಯಕ್ಟಿವೇಟ್ ಮಾಡುವ ಪುಕ್ಕಟೆ ಪ್ರೋಗ್ರಾಮಿನ ಜೊತೆಗೆ ಇನ್ನೇನೇನು ಒಳಗೆ ಬಂತು ಅಂತ ನಿನಗೆ ತಿಳಿಯುವುದಿಲ್ಲ. ದುಡ್ಡು ಕೂಡುವವರೆಗೆ ಉಬುಂಟು ಹಾಕು. ನಿನ್ನ ಓದಿಗೆ ಅದೇ ಒಳ್ಳೆಯದು ಕೂಡ. ಅದರ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಆರಿಸಿದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯೂ ಸಿಗುತ್ತದೆ, ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ.

ಇನ್ನು ಸಾಕುವ ಮಾತು. ಮಶೀನನ್ನು ನೆಲದ ಮೇಲಿಡಬೇಡ, ಮೇಜಿನ ಮೇಲಿರಲಿ. ಹಿಂದಿನ ಖಾಲಿ ಜಾಗಗಳ ತಗಡು ಮುಚ್ಚಳಗಳನ್ನು ಕಳೆಯಬೇಡ, ಹಲ್ಲಿ ನುಗ್ಗುವುದು ಅಲ್ಲಿಂದ. ಬೆಚ್ಚಗಿರುವ ಎಸ್‌ಎಂಪಿಎಸ್ ಅವಕ್ಕೂ ಇರುವೆಗಳಿಗೂ ಬಹಳ ಇಷ್ಟ. ಆಗುಂಬೆ ಕಡೆಯ ಮಳೆ ಹಿಡಿದ ತಿಂಗಳುಗಳಲ್ಲಿ ಪರೀಕ್ಷೆ ಇರಲಿ ಬಿಡಲಿ, ದಿನಕ್ಕೆ ಒಂದು ಗಂಟೆಯಾದರೂ ಓಡಿಸು. ಒಳಗಿನ ಬಿಸಿಗೆ ತೇವ ಆರುತ್ತದೆ. ಬೇಸಿಗೆಯ ಧೂಳನ್ನು ಬ್ಲೋವರಿನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೋ, ಗಾಳಿಗೆ ಗಿರಗಿರ ತಿರುಗಿಸಿ ಬೇರಿಂಗ್ ಕೆಡಿಸಬೇಡ. ಬಿಲ್ಲುಗಳನ್ನೆಲ್ಲ ಇವತ್ತೇ ಫೋಟೋ ತೆಗೆದಿಡು. ಥರ್ಮಲ್ ಪೇಪರಿನ ಬಿಲ್ಲಿನ ಅಕ್ಷರ ವಾರಂಟಿಗಿಂತ ಮುಂಚೆ ಮಾಯವಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ನಿನ್ನ ಮಶೀನು ಎದ್ದು ಓಡಿದ ಸುದ್ದಿ ನಿಮ್ಮಮ್ಮನಿಂದಾಗಿ ವಾರದೊಳಗೆ ನೆಂಟರಿಗೆಲ್ಲ ಮುಟ್ಟುತ್ತದೆ. ಅವರ ಮನೆಯ ಕೆಟ್ಟ ಕಂಪ್ಯೂಟರುಗಳೆಲ್ಲ ನಿನ್ನ ಬಾಗಿಲಿಗೆ ಬರುತ್ತವೆ. ಬರಲಿ. ಕೈಹಾಕುವ ಮುಂಚೆ ಫೋಟೋ, ಫೈಲು ಬೇರೆ ಕಡೆ ಇಟ್ಟಿದ್ದಾರೆಯೇ ಅಂತ ಕೇಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು, ಮರ್ಯಾದೆ ಹೋಗುವುದಿಲ್ಲ. ಅವರ ಮನೆಯ ಹುಡುಗ ಹುಡುಗಿಯರು ಹೊಸದು ಜೋಡಿಸಿಕೊಡು ಅಂದರೆ ಸ್ಕ್ರೂಡ್ರೈವರನ್ನು ಅವರ ಕೈಗೇ ಕೊಟ್ಟು ನೀನು ಪಕ್ಕದಲ್ಲಿ ಕೂರು. ಅರ್ಧ ಗಂಟೆಯ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ, ಹಿಡಿಯಲಿ. ತಾನೇ ಒತ್ತಿ ಕೂರಿಸಿದ ರ‍್ಯಾಮ್ ಸಡಿಲವಾದರೆ ತಾನೇ ತೆಗೆದು ಹಾಕುವುದು ಅವರಿಗೆ ಗೊತ್ತಾಗಿರುತ್ತದೆ. ನೀನೇ ಎಲ್ಲ ಮಾಡಿಕೊಟ್ಟರೆ, ರಾತ್ರಿ ಹನ್ನೊಂದಕ್ಕೆ ‘ಅಕ್ಕಾ, ಡಿಸ್‌ಪ್ಲೇ ಬರ್ತಿಲ್ಲ’ ಅಂತ ಫೋನ್ ಬರುವುದು ನಿನಗೇ.

ಇಂತಿ ನಿನ್ನ
ಮಾವ